ನಾನು ಆರೋಗ್ಯವಂತ ಅಂತ ಸಹಿ ಮಾಡಿದ್ದು

ಹೋದ ವರ್ಷ ನಾನು ಅಧಿಕೃತವಾಗಿ ಆರೋಗ್ಯವಂತನಾದೆ. ನಗಬೇಡಿ. ಫಾರ್ಮ್ ತುಂಬಿ ಸಹಿ ಮಾಡಿಕೊಟ್ಟಿದ್ದೇನೆ.

ಆದದ್ದಿಷ್ಟು. ದೂರದ ಊರಿನಿಂದ ಒಬ್ಬ ಸಂಶೋಧಕಿ ನಮ್ಮ ಬನಹಟ್ಟಿಗೆ ಬಂದರು. ಪವರ್‌ಲೂಮ್ ಶೆಡ್ಡುಗಳಲ್ಲಿ ಹಾರುವ ಹತ್ತಿಯ ಧೂಳು ಶ್ವಾಸಕೋಶದ ಜೀವಕೋಶಗಳಿಗೆ ಏನು ಮಾಡುತ್ತದೆ, ಅವು ಸಿಟ್ಟಿಗೆದ್ದಾಗ ರಕ್ತದಲ್ಲಿ ಯಾವ ಪ್ರೋಟೀನ್ ಏರುತ್ತದೆ ಎಂಬುದು ಅವರ ಅಧ್ಯಯನ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನಲ್ಲದೆ ಇನ್ಯಾರು ಅವರಿಗೆ ಓಣಿ ತೋರಿಸಬೇಕು?

ರಕ್ತ ಕೊಡಲು ಎಲ್ಲರಿಗಿಂತ ಮೊದಲು ತೋಳು ಚಾಚಿದವನು ಈರಪ್ಪ. ನಮ್ಮ ಮನೆಯ ಗೋಡೆಗೆ ಹತ್ತಿದ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾನೆ. ಅವನ ಕೆಮ್ಮು ಕೇಳಿದರೆ ಶಿಫ್ಟ್ ಶುರುವಾಯಿತು ಅಂತ ಓಣಿಗೆಲ್ಲ ಗೊತ್ತಾಗುತ್ತದೆ. ಧೂಳು ಹೊರಗೆಳೆಯುವ ದೊಡ್ಡ ಫ್ಯಾನ್ ಹಾಕಿಸಿ ಎಂದು ಅವನು ಮಾಲೀಕರ ಬೆನ್ನು ಬಿದ್ದು ಬಹಳ ದಿನವಾಗಿತ್ತು. "ಧೂಳಿನಿಂದನ ಕೆಮ್ಮು ಅಂತ ದೊಡ್ಡವರ ಕಡೆಯಿಂದ ಬರಸ್ಕೊಂಡ ಬಾ, ಹಾಕಸ್ತೇನಿ" ಎಂದಿದ್ದರು ಅವರು. ಈಗ ದೊಡ್ಡವರೇ ಬಂದಿದ್ದರು, ಸೂಜಿ ಸಮೇತ.

ಅಷ್ಟಕ್ಕೇ ಮುಗಿಯಲಿಲ್ಲ. ಹೋಲಿಸಿ ನೋಡಲು ಧೂಳಿನ ಗೊಡವೆಯೇ ಇಲ್ಲದ ಆರೋಗ್ಯವಂತರೂ ಬೇಕಂತೆ. ಅದಕ್ಕೇನು, ನಾವಿದ್ದೇವಲ್ಲ? ನಾನು, ನಮ್ಮ ಶಾಲೆಯ ಕ್ಲಾರ್ಕು, ಪೋಸ್ಟ್‌ಮನ್, ಬ್ಯಾಂಕಿನವರು, ಹೀಗೆ ನಮ್ಮ ಓಣಿಯ ಸಂಬಳದಾರರನ್ನೆಲ್ಲ ನಾನೇ ಸಾಲಾಗಿ ಕೂರಿಸಿದೆ. ತಿಂಗಳಿಗೊಮ್ಮೆ ಪಗಾರ ಬರುವವನಿಗೆ ಧೂಳು ಹತ್ತುತ್ತದೆಯೇ?

ಧೂಳಿನ ಸಂಪರ್ಕವಿದೆಯೇ ಎಂದು ಫಾರ್ಮ್ ಕೇಳಿತು. ಇಲ್ಲ ಎಂದು ಬರೆದೆ. (ನಮ್ಮ ಕಿಟಕಿ, ತುಳಸಿಕಟ್ಟೆ, ಕೊನೆಗೆ ಮಜ್ಜಿಗೆಯ ಮೇಲೂ ಬಂದು ಕೂಡ್ರುವುದು ಧೂಳಲ್ಲ, ಅದು ಹತ್ತಿ.) ಕೆಮ್ಮು? ಇಲ್ಲ. (ಬೆಳಿಗ್ಗೆ ಅರ್ಧ ತಾಸು ಕೆಮ್ಮುತ್ತೇನೆ, ಖರೆ. ನಮ್ಮಪ್ಪನೂ ಕೆಮ್ಮುತ್ತಿದ್ದರು. ಮನೆತನದ ರೂಢಿ ರೋಗ ಹೇಗಾದೀತು?) ಹೆಂಡತಿ ಫಾರ್ಮ್ ಇಣುಕಿ ನೋಡಿ, ಇದು ಯಾರ ಬಗ್ಗೆ ಬರೆದದ್ದು ಎಂದು ಕೇಳಿದಳು. ಹೊರಗಿನವರ ಎದುರು ಮರ್ಯಾದೆ ಅಂತ ಒಂದು ಇರುತ್ತದಲ್ಲ, ಕಣ್ಣಲ್ಲೇ ಸುಮ್ಮನಿರಿಸಿದೆ.

ಮೊನ್ನೆ ಸಂಶೋಧಕಿಯ ಪತ್ರ ಬಂತು. ಮಗ್ಗ ನಿಲ್ಲಿಸಿ, ಶೆಡ್ಡಿನಲ್ಲಿ ಮಾಲೀಕರ ಎದುರೇ ಓದಿ ಹೇಳಿದೆ. ಮಗ್ಗದವರ ರಕ್ತದಲ್ಲಿ ಆ ಪ್ರೋಟೀನ್ ಏರಿದೆ. ಈರಪ್ಪನ ಮುಖ ಅರಳಿತು. ಮುಂದಿನ ಸಾಲು ಓದಿದೆ. ಅದೇ ಊರಿನ ಆರೋಗ್ಯವಂತರಲ್ಲೂ ಅದು ಅಷ್ಟೇ ಏರಿದೆ. ಆದ್ದರಿಂದ ಮಗ್ಗದ ಕೆಲಸವೇ ಕಾರಣ ಎನ್ನಲು ಆಧಾರ ಸಾಲದು.

"ನಮ್ಮೂರ ಗಾಳಿನ ಹಂಗ ಅಂದ್ರ, ಫ್ಯಾನ್ ಏನ್ ಮಾಡತೈತಿ ಬಿಡ್ರಿ" ಎಂದು ಮಾಲೀಕರು ಎದ್ದು ಹೋದರು.

ನನಗೆ ನಾಚಿಕೆಯಾಯಿತು. ಕಣ್ಣೆತ್ತಿ ಈರಪ್ಪನನ್ನು ನೋಡಲಾಗಲಿಲ್ಲ. ಸಂಶೋಧಕಿಗೆ ಕಾಗದ ಬರೆದು ನನ್ನ ಫಾರ್ಮ್ ತಿದ್ದಿಸುತ್ತೇನೆ ಎನ್ನಲು ಬಾಯಿ ತೆರೆದೆ. ಕೆಮ್ಮು ಒತ್ತರಿಸಿ ಬಂತು. ನಿಲ್ಲಲೇ ಇಲ್ಲ, ಮನೆತನದ ರೂಢಿಯಂತೆ.

ಈರಪ್ಪ ನೀರು ತಂದುಕೊಟ್ಟ. ನಾನು ಕುಡಿದು ಮುಗಿಸುವವರೆಗೂ ಕಾದ. ಆಮೇಲೆ ಕೇಳಿದ:

"ಈ ಕೆಮ್ಮ ಅವತ್ತ ಎಲ್ಲಿ ಇಟ್ಟ ಬಂದಿದ್ರೀ ಸರ?"