ಪುಷ್ಯದ ನೆರಳಿಗೆ ಬಿತ್ತಿದ ಮೆಂತ್ಯ

ನರೋಣಾದ ವಾಮನ ಮಾಸ್ತರರು ಮೂವತ್ತು ವರ್ಷ ಭೂಗೋಳ ಕಲಿಸಿ ಎಂಬತ್ತಾರನೇ ಇಸವಿಯಲ್ಲಿ ನಿವೃತ್ತರಾದರು. ಭೂಮಿಯ ಬಗ್ಗೆ ಅವರಿಗೆ ತಿಳಿಯದ್ದು ಯಾವುದೂ ಇರಲಿಲ್ಲ; ಅದರಲ್ಲಿ ಒಂದು ಬೀಜ ಊರಿದ್ದು ಮಾತ್ರ ಇರಲಿಲ್ಲ. ಆ ಕೊರತೆ ನೀಗಿಸಿಕೊಳ್ಳಲು ಮನೆಯ ಹಿತ್ತಲಿನ ಮೇಲೆ ಕಣ್ಣು ಹಾಕಿದರು.

ಹಿತ್ತಲು ಹೆಂಡತಿ ತುಳಸಾಬಾಯಿಯದು. ಬೇಸಿಗೆಯ ಸಂಡಿಗೆ, ಹಪ್ಪಳ ಒಣಗುವುದು ಅಲ್ಲೇ. ಹಿತ್ತಲು ಕೈಬಿಟ್ಟರೆ ಮೊಣಕಾಲು ನೋವಿನ ಆಕೆ ಏಣಿ ಹತ್ತಿ ಮಾಳಿಗೆಗೆ ಹೋಗಬೇಕು.

"ಅಕ್ಷಯ ತದಿಗಿಯೊಳಗ ಒಂದ ಹೊತ್ತಿನ ಪಲ್ಯಾಕ್ಕಾಗೋವಷ್ಟ ಬೆಳದ ತೋರಸ್ರಿ," ಎಂದಳು. "ಬೆಳದ್ರ ಹಿತ್ತಲಾ ನಿಮ್ಮದು. ಇಲ್ಲಂದ್ರ ಮತ್ತ ಆ ಮಾತ ತಗೀಬ್ಯಾಡ್ರಿ."

ಪುಷ್ಯ ಮಾಸದ ಚಳಿಯಲ್ಲಿ ಮಾಸ್ತರರು ತಾಸಿಗೊಮ್ಮೆ ಹೋಗಿ ಗೋಡೆಯ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದರು. ಮನೆ ದಕ್ಷಿಣಕ್ಕೆ, ಹಿತ್ತಲು ಉತ್ತರಕ್ಕೆ. ನಡುಮಧ್ಯಾಹ್ನವೂ ಗೋಡೆಯಿಂದ ಹತ್ತು ಅಡಿ ತಂಪು. ಅಲ್ಲಿ ಮೆಂತ್ಯ, ಆಚೆಯ ಬಿಸಿಲಿಗೆ ಬದನೆ. ನಕ್ಷೆ ಬರೆದು ಬಣ್ಣ ತುಂಬಿ ಮುಗಿಸುವಷ್ಟರಲ್ಲಿ ಹೋಳಿಹುಣ್ಣಿಮೆ ಬಂತು. ಬದನೆ ಕಾಯಿ ಬಿಡಲು ತಿಂಗಳುಗಟ್ಟಲೆ ಬೇಕು. ಪಣವೆಲ್ಲ ಮೆಂತ್ಯದ ಮೇಲೆ ನಿಂತಿತು.

ಬೀಜ ತಂದುಕೊಟ್ಟ ರೈತ ಹುಲೆಪ್ಪ ಅವರ ಹಳೆಯ ವಿದ್ಯಾರ್ಥಿ. ಗೆರೆಗಳನ್ನು ನೋಡಿ, "ಸರ, ಇದು ಚಳಿಗಾಲದ ನೆರಳ್ರಿ. ಬ್ಯಾಸಗ್ಯಾಗ ಗ್ವಾಡಿ ಬುಡಕ್ಕ ಸರೀತದ್ರಿ," ಎಂದ.

"ಹುಲೆಪ್ಪಾ, ಭೂಗೋಳದಾಗ ನಿನಗ ನೂರಕ್ಕ ಎಷ್ಟ ಬಿದ್ದಿತ್ತಲೇ?"

"ಹನ್ನೊಂದ್ರಿ ಸರ."

"ಹಂಗಿದ್ರ ಸುಮ್ಕಿರು," ಎಂದು ಮಾಸ್ತರರು ಗೆರೆಯೊಳಗೇ ಮೆಂತ್ಯ ಬಿತ್ತಿದರು.

ಚೈತ್ರದ ಸೂರ್ಯ ನೆತ್ತಿಗೆ ಬಂದ. ಹತ್ತು ಅಡಿಯ ನೆರಳು ಗೇಣುದ್ದವಾಗಿ ಗೋಡೆಗೆ ಅಂಟಿಕೊಂಡಿತು. ಉತ್ತರಾಯಣವನ್ನು ಮೂವತ್ತು ವರ್ಷ ಮಕ್ಕಳ ಬಾಯಲ್ಲಿ ಹೇಳಿಸಿದವರಿಗೆ ಅದು ತಮ್ಮ ಹಿತ್ತಲಿಗೂ ಬರುತ್ತದೆಂದು ಹೊಳೆದೇ ಇರಲಿಲ್ಲ. ಎರಡೆಲೆಯ ಮೆಂತ್ಯ ಸುಟ್ಟು ಕರಕಾಗತೊಡಗಿತು. ಮಾಸ್ತರರಿಗೆ ನಾಚಿಕೆಯಿಂದ ಊಟ ಸೇರಲಿಲ್ಲ.

ಮರುದಿನ ತುಳಸಾಬಾಯಿ ಮಲಗುವ ಹೊರಸು ಎಳೆದು ತಂದು, ಸೀರೆ ಹಾಸಿ, ಅದರ ಮೇಲೆ ಸಂಡಿಗೆ ಇಟ್ಟಳು. "ಮಾಳಗಿ ಹತ್ತಾಕ ಆಗವಲ್ದು," ಎಂದು ಗೊಣಗಿದಳು. ಅಷ್ಟಗಲ ಹಿತ್ತಲಿನಲ್ಲಿ ಹೊರಸಿಗೆ ಸಿಕ್ಕ ಜಾಗ ಮೆಂತ್ಯದ ಮಡಿಯೊಂದೇ. ಮಾಸ್ತರರು ಅದನ್ನು ಗಮನಿಸಿದರು. ಮೇಲೆ ಸಂಡಿಗೆ ಒಣಗಿತು. ಕೆಳಗಿನ ನೆರಳಲ್ಲಿ ಒಂದು ಹೊತ್ತಿಗಾಗುವಷ್ಟು, ಒಂದು ಕಟ್ಟು ಮೆಂತ್ಯ ಉಳಿಯಿತು.

ತದಿಗೆಯ ದಿನ ಅದನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಾಗಲೇ ಹುಲೆಪ್ಪ ಬಂದ.

"ಮೆಂತ್ಯ ಬಂತೇನ್ರಿ ಸರ?" ದನಿಯಲ್ಲಿ ಕುಹಕವಿರಲಿಲ್ಲ. ಅದೇ ಮಾಸ್ತರರಿಗೆ ಹೆಚ್ಚು ಚುಚ್ಚಿತು.

"ನೆರಳು ನೀ ಹೇಳಿದಲ್ಲೇ ಹೋತು," ಎಂದರು. "ಆ ಹನ್ನೊಂದು ನಾನಽ ತಪ್ಪಿ ಕೊಟ್ಟಿದ್ದೆ." ಕಟ್ಟನ್ನು ಅವನ ಕೈಗಿಟ್ಟರು. ಅವನು ಬೇಡವೆಂದರೂ ಕೇಳಲಿಲ್ಲ.

ಬಾಗಿಲಲ್ಲಿದ್ದ ತುಳಸಾಬಾಯಿ ಅವನು ಹೋಗುವವರೆಗೆ ಕಾದಳು. "ಈಗ ಪಲ್ಯಾ ಯಾತರದು ಮಾಡ್ಲಿ? ಹಿತ್ತಲಾ ಸೋತ್ರಿ."

"ಸೋತೆ."

ಆ ಹೊತ್ತು ಬರೀ ಬ್ಯಾಳಿ, ಕರಿದ ಸಂಡಿಗೆ. ಮಾಸ್ತರರು ಎರಡು ಸಲ ಅನ್ನ ಬಡಿಸಿಕೊಂಡರು.

ಮರುದಿನ ಬೆಳಿಗ್ಗೆ ಹಿತ್ತಲು ಗೆದ್ದಾಕೆ ಹೊರಸು ಹಿಡಿಯಲು ಗಂಡನನ್ನು ಕರೆದಳು. ಮಡಿಯ ಮಣ್ಣು ಹಸಿಯಾಗಿತ್ತು, ಯಾರೋ ಆಗಲೇ ಬೀಜ ಚೆಲ್ಲಿ ನೀರು ಚಿಮುಕಿಸಿದ್ದರು.

"ಇದರ ಮ್ಯಾಲೇ ಇಡ್ರಿ," ಎಂದಳು ತುಳಸಾಬಾಯಿ, ಮಣ್ಣಾದ ಕೈ ಸೆರಗಿಗೆ ಒರೆಸುತ್ತ. "ನಕ್ಷಾ ಬ್ಯಾಡ."