ಅಯ್ಯನವರಿಲ್ಲದ ಭಾನುವಾರಗಳು

ಭಾನುವಾರ ಬೆಳಿಗ್ಗೆ ಐದೂಮುಕ್ಕಾಲು. ಕಲ್ಯಾಣದ ಹತ್ತಿರದ ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಮೇಲೊಂದು ಹಾಲ್. ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದ ಹರಿಣಾಕ್ಷಿ ಕರ್ಕಡ ಎರಡು ಬಟ್ಟೆಗಳನ್ನು ಕೈಯಲ್ಲಿ ಹಿಡಿದುಕೊಂಡು ಮೇಜಿನ ಮುಂದೆ ನಿಂತಿದ್ದಾರೆ. ಒಂದು ಹಸಿರು, ಇನ್ನೊಂದು ಬಿಳಿ. ಈ ಹಾಲ್‌ನಲ್ಲಿ ಮೂರು ಕ್ರೈಸ್ತ ಸಭೆಗಳು ಒಟ್ಟಿಗೆ ಆರಾಧನೆ ನಡೆಸುತ್ತವೆ. ಒಂದು ಸಭೆಯ ಕ್ಯಾಲೆಂಡರಿನ ಪ್ರಕಾರ ಇವತ್ತು ಹಸಿರು ಬಟ್ಟೆ, ಇನ್ನೊಂದರ ಪ್ರಕಾರ ಬಿಳಿ. ಮೂರನೆಯ ಸಭೆಯವರಿಗೆ ಮೇಜಿಗೆ ಬಟ್ಟೆಯೇ ಬೇಕಿಲ್ಲ.

"ಬಾಯಿ, ಕೋಣತಾಪಣ ಘಾಲಾ. ದೇವ ರಂಗ ಬಘತ ನಾಹೀ," ಎನ್ನುತ್ತಾರೆ ಕುರ್ಚಿ ಜೋಡಿಸುತ್ತಿರುವ ಅಂಬಾದಾಸ. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರು. ಯಾವುದಾದರೂ ಹಾಕಿ, ದೇವರು ಬಣ್ಣ ನೋಡುವುದಿಲ್ಲ ಎನ್ನುವುದು ಅವರ ಮಾತು. ಹರಿಣಾಕ್ಷಿಯವರಿಗೆ ಅದರಿಂದ ಸಮಾಧಾನವಿಲ್ಲ. "ದೇವರು ನೋಡುದಿಲ್ಲ, ಸರಿ. ನೋಡುವವರು ಒಂಬತ್ತು ಗಂಟೆಗೆ ಬರ್ತಾರಲ್ಲ," ಎಂದು ಗೊಣಗಿ ಹಸಿರನ್ನು ಹಾಸುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ತೆಗೆದು ಬಿಳಿ ಹಾಸುತ್ತಾರೆ.

ಐವತ್ತೇಳರ ಹರಿಣಾಕ್ಷಿ ಪಾದ್ರಿಯಲ್ಲ. ಧರ್ಮಶಾಸ್ತ್ರದ ಶಾಲೆಯ ಮೆಟ್ಟಿಲು ಹತ್ತಿದವರೂ ಅಲ್ಲ. ಸೋಮವಾರದಿಂದ ಶನಿವಾರದವರೆಗೆ ಅವರು ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಲಾರಿ ತೂಗುವ ಕಾಟಾದ ಕಿಟಕಿಯ ಹಿಂದೆ ಕೂರುತ್ತಾರೆ. ಸರಳು ತುಂಬಿದ ಲಾರಿ ಬರುತ್ತದೆ, ತೂಗುತ್ತಾರೆ. ಖಾಲಿ ಲಾರಿ ವಾಪಸ್ಸು ಬರುತ್ತದೆ, ಮತ್ತೆ ತೂಗುತ್ತಾರೆ. ದಿನಕ್ಕೆ ನೂರಿಪ್ಪತ್ತು ಚೀಟಿ. ಹೋಗಲು ಒಂದೂವರೆ ಗಂಟೆ ಪನ್ವೇಲ್ ಬಸ್ಸು, ಬರಲು ಎರಡು ಗಂಟೆ. ಅವರು ಭಾನುವಾರ ಆರಾಧನೆಯಲ್ಲಿ ಹೇಳುವ ಪ್ರಸಂಗ ಬರೆಯುವುದು ಬರುವ ಬಸ್ಸಿನಲ್ಲಿ, ಅದೂ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ.

ಉಡುಪಿಯಿಂದ ಮದುವೆಯಾಗಿ ಕಲ್ಯಾಣಕ್ಕೆ ಬಂದು ಮೂವತ್ತೆರಡು ವರ್ಷವಾಯಿತು. ಗಂಡ ದೇವದಾಸ್ ಉಲ್ಲಾಸನಗರದ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್. ಮನೆಯಲ್ಲಿ ತುಳು, ಕಾಟಾದಲ್ಲಿ ಹಿಂದಿ, ಹಾಲ್‌ನಲ್ಲಿ ಮರಾಠಿ ಮತ್ತು ಕನ್ನಡ. ಮೂರು ಸಭೆಗಳಲ್ಲಿ ಯಾವುದಕ್ಕೂ ಸ್ವಂತ ಕಟ್ಟಡ ಇರಲಿಲ್ಲ, ಯಾವುದಕ್ಕೂ ಪೂರ್ತಿ ಸಮಯದ ಪಾದ್ರಿಯನ್ನು ಇಟ್ಟುಕೊಳ್ಳುವಷ್ಟು ಜನರೂ ಇರಲಿಲ್ಲ. ಐದು ವರ್ಷಗಳ ಹಿಂದೆ ಮೂರೂ ಸೇರಿ ಒಂದೇ ಹಾಲ್ ಹಿಡಿದವು. ತಿಂಗಳ ಎರಡನೇ ಭಾನುವಾರ ಮಾತ್ರ, ಬೇರೆ ಕಡೆ ಇರುವ ಮೂರು ಸಭೆಗಳ ಪಾದ್ರಿಗಳಲ್ಲಿ ಒಬ್ಬ ಅಯ್ಯನವರು ಬಂದು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟು ಹೋಗುತ್ತಾರೆ. ಮಿಕ್ಕ ಭಾನುವಾರಗಳು, ಮಿಕ್ಕ ದಿನಗಳು, ರೋಗಿಗಳು, ಸಾವುಗಳು ಎಲ್ಲವೂ ಸಭಿಕರ ಪಾಲು. ಅರವತ್ತೊಂದು ಕುಟುಂಬಗಳಿಂದ ಹನ್ನೆರಡು ಮಂದಿ ಸರದಿಯಂತೆ ಕೆಲಸ ಹಂಚಿಕೊಳ್ಳಬೇಕೆಂದು ತೀರ್ಮಾನವಾಯಿತು. ಈಗ ಉಳಿದವರು ಐವರು.

"ಹೆಸರು ಕೊಟ್ಟದ್ದು ನಾನಲ್ಲ ಮಾರಾಯ್ರೆ. ಮೀಟಿಂಗ್‌ನಲ್ಲಿ ಚಹಾ ಹಂಚ್ತಾ ಇದ್ದೆ. ಬಂದು ನೋಡಿದ್ರೆ ಲಿಸ್ಟ್‌ನಲ್ಲಿ ನನ್ನ ಹೆಸರು ಉಂಟು," ಎಂದು ನಗುತ್ತಾರೆ.

ಮೊದಲ ಸಲ ಪ್ರಸಂಗ ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಮೂವರು ಎದ್ದು ಹೋದರು. ಹೆಂಗಸು ಎಂದೋ, ಪ್ರಸಂಗ ಉದ್ದವಾಯಿತೆಂದೋ ಹರಿಣಾಕ್ಷಿಯವರಿಗೆ ತಿಳಿಯಲಿಲ್ಲ. ಪ್ರಾರ್ಥನೆಗೆ ಒಂದು ಸಭೆಯವರು ನಿಲ್ಲುತ್ತಾರೆ, ಇನ್ನೊಂದು ಸಭೆಯವರು ಮೊಣಕಾಲೂರುತ್ತಾರೆ, ಮತ್ತೊಂದರವರು ಕೂತೇ ಇರುತ್ತಾರೆ. ಮುಂದೆ ನಿಂತವಳು ಏನು ಮಾಡಬೇಕು? ಹರಿಣಾಕ್ಷಿ ಕೆಲವು ತಿಂಗಳು ಅರ್ಧ ಬಗ್ಗಿ ನಿಂತದ್ದೂ ಉಂಟು. ಬೆನ್ನು ಹಿಡಿದ ಮೇಲೆ ನೆಟ್ಟಗೆ ನಿಲ್ಲತೊಡಗಿದರು.

ಇಂಥ ಗೊಂದಲಗಳಿಗೆಲ್ಲ ಅವರು ಹೇಗೋ ಒಗ್ಗಿಕೊಂಡಿದ್ದರು. ಆದರೆ ಕಳೆದ ವರ್ಷ ಫೆಬ್ರುವರಿಯ ಒಂದು ಬುಧವಾರ ನಡೆದದ್ದು ಇನ್ನೂ ಅವರಿಗೆ ಬಗೆಹರಿದಿಲ್ಲ.

ಆವತ್ತು ಮಧ್ಯಾಹ್ನ ಮೂರಕ್ಕೆ ಕಾಟಾದ ಕಿಟಕಿಯಲ್ಲಿ ಫೋನ್ ಹೊಡೆದುಕೊಂಡಿತು. ಆ ಕಡೆ ಲತೀಶ್, ಹರಿಣಾಕ್ಷಿಯವರ ಕನ್ನಡ ಸಭೆಯ ಹುಡುಗ. ಅವನ ಹೆಂಡತಿ ಚೈತನ್ಯಾ ಅದೇ ಹಾಲ್‌ನ ಮರಾಠಿ ಸಭೆಯವಳು. ಏಳೇ ತಿಂಗಳಿಗೆ ಹೆರಿಗೆಯಾಗಿತ್ತು. ಹೆಣ್ಣು ಮಗು. ಸಂಜೆಯವರೆಗೂ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಗುವಿಗೆ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನ ಆಗಬೇಕು ಎಂದು ವಾರ್ಡಿನಲ್ಲಿ ಮಲಗಿದ್ದ ಚೈತನ್ಯಾ ಹಟ ಹಿಡಿದಿದ್ದಳು. ಕನ್ನಡ ಸಭೆಯ ಅಯ್ಯನವರ ಫೋನ್ ಬಂದ್ ಇತ್ತು. "ಆಂಟಿ, ಪ್ಲೀಸ್, ಜಲ್ದಿ ಬನ್ನಿ. ಔರ್ ಕಿಸೀಕೋ ಫೋನ್ ಲಗ್ತಾ ನಹೀಂ," ಎಂದ ಲತೀಶ್; ಬೇರೆ ಯಾರಿಗೂ ಫೋನ್ ಹತ್ತುತ್ತಿರಲಿಲ್ಲ.

ಲೈನಿನಲ್ಲಿ ಹದಿನಾಲ್ಕು ಲಾರಿಗಳನ್ನು ಬಿಟ್ಟು ಹರಿಣಾಕ್ಷಿ ರಿಕ್ಷಾ ಹಿಡಿದರು. ದಾರಿಯಲ್ಲಿ ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಅವರ ತಲೆಯಲ್ಲಿ ಓಡಿದ್ದು ಪ್ರಾರ್ಥನೆಯಲ್ಲ, ಪ್ರಶ್ನೆ. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಎಂದು ಚಿಕ್ಕವಳಿದ್ದಾಗ ಕೇಳಿದ ನೆನಪು. ಆದರೆ ಚೈತನ್ಯಾಳ ಸಭೆಯಲ್ಲಿ ಮಕ್ಕಳಿಗೆ ದೀಕ್ಷಾಸ್ನಾನವೇ ಇಲ್ಲ. ದೊಡ್ಡವರಾಗಿ ತಾವೇ ಒಪ್ಪಿ ನೀರಿನಲ್ಲಿ ಮುಳುಗಬೇಕು. ಹಾಗಿದ್ದೂ ಕೇಳಿದವಳು ಅವಳೇ. ಮಾಡಿದರೆ ಯಾರಿಗೆ ತಪ್ಪು? ಮಾಡದಿದ್ದರೆ?

ಕಲ್ಯಾಣದ ಆಸ್ಪತ್ರೆಯಲ್ಲಿ ನರ್ಸ್ ಅವರಿಗೆ ಹಸಿರು ಗೌನ್ ತೊಡಿಸಿ, ಎರಡೇ ನಿಮಿಷ ಎಂದಳು. ಗಾಜಿನ ಪೆಟ್ಟಿಗೆಯಲ್ಲಿ ಮಗು. "ಒಂದು ಕಿಲೋ ಐವತ್ತು ಗ್ರಾಂ. ನಮ್ಮ ಕಾಟಾದ ಮೇಲೆ ಇಟ್ರೆ ಸೊನ್ನೆ ಅಂತ ತೋರಿಸ್ತದೆ. ಅಷ್ಟು ಕಡಿಮೆ ತೂಕ ಅದಕ್ಕೆ ಗೊತ್ತೇ ಆಗುದಿಲ್ಲ," ಎನ್ನುವಾಗ ಹರಿಣಾಕ್ಷಿಯವರ ದನಿ ತಗ್ಗುತ್ತದೆ. ಔಷಧಿಗೆ ಬೆರೆಸುವ ಶುದ್ಧ ನೀರಿನ ಪುಟ್ಟ ಸೀಸೆಯೊಂದನ್ನು ಮುರಿದು ನರ್ಸ್ ಹತ್ತಿಯ ಉಂಡೆಯ ಜೊತೆ ಕೊಟ್ಟಳು. ಹೆಸರೇನು ಎಂದು ಹರಿಣಾಕ್ಷಿ ಕೇಳಿದರು. "ಅದು ಚೈತನ್ಯಾಗೆ ಗೊತ್ತು, ನಂಗೆ ಹೇಳಿಲ್ಲ. ಏನಾದ್ರೂ ಇಡಿ ಆಂಟಿ," ಎಂದ ಲತೀಶ್ ಗೋಡೆಯ ಕಡೆ ತಿರುಗಿದ.

ಅವರ ಬಾಯಿಗೆ ಬಂದದ್ದು ದಿಶಾ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಕನ್ನಡದಲ್ಲಿ ಹೇಳಿದರು. ಎರಡು ನಿಮಿಷ ಮುಗಿದಿತ್ತು. ಹೊರಗೆ ಬಂದು ಬೆಂಚಿನ ಮೇಲೆ ಕೂತರು.

ಮಗು ಆ ಸಂಜೆ ಸಾಯಲಿಲ್ಲ. ಮರುದಿನವೂ ಸಾಯಲಿಲ್ಲ. ನಲವತ್ತೆಂಟು ದಿನಗಳ ನಂತರ ಮನೆಗೆ ಬಂತು.

ತೊಂದರೆ ಶುರುವಾದದ್ದು ಆಮೇಲೆ. ಚೈತನ್ಯಾ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರು ಅನುಷ್ಕಾ. ಆಧಾರ್ ಅದೇ ಹೆಸರಿನಲ್ಲಿ ಬಂತು. ಕನ್ನಡ ಸಭೆಯ ಅಯ್ಯನವರು, ಅದು ದೀಕ್ಷಾಸ್ನಾನವೇ, ಇನ್ನೊಮ್ಮೆ ಕೊಡುವ ಹಾಗಿಲ್ಲ ಎಂದರು. ಮರಾಠಿ ಸಭೆಯ ಪಾದ್ರಿ, ಅದೊಂದು ಒಳ್ಳೆಯ ಪ್ರಾರ್ಥನೆ ಅಷ್ಟೇ, ಹುಡುಗಿ ದೊಡ್ಡವಳಾಗಲಿ ಎಂದರು. ಮೂರನೆಯ ಸಭೆಯವರು ಕೇಳಿದ್ದು ಒಂದೇ: ಈಕೆಗೆ ಅನುಮತಿ ಕೊಟ್ಟವರು ಯಾರು? ಹಾಲ್ ಹಂಚಿಕೊಳ್ಳುವ ಒಪ್ಪಂದವೇ ಮುರಿಯುತ್ತದೆ ಎಂಬ ಮಾತು ಕೆಳಗಿನ ಗಿರಣಿಯವನ ಕಿವಿಯವರೆಗೂ ಹೋಯಿತು.

ಕೊನೆಗೆ ಮೂವರು ಪಾದ್ರಿಗಳೂ ಸಾನಪಾಡಾದ ಒಬ್ಬ ಸಭಿಕರ ಮನೆಯಲ್ಲಿ ಸೇರಿದರು. ಹರಿಣಾಕ್ಷಿ ಅರ್ಧ ದಿನ ರಜೆ ಹಾಕಿ ಹೋದರು. ನೀರು ಸುರಿದಿರಾ, ಚಿಮುಕಿಸಿದಿರಾ? ಎಷ್ಟು ನೀರು? ಯಾವ ಭಾಷೆ? "ಕಾಟಾದಲ್ಲಿ ತುಂಬಿದ ಲಾರಿ, ಖಾಲಿ ಲಾರಿ, ಕಳೆದ್ರೆ ಉತ್ತರ. ಇಲ್ಲಿ ಏನನ್ನು ಯಾವುದರಿಂದ ಕಳೀಬೇಕು ಅಂತ ಗೊತ್ತಾಗ್ಲಿಲ್ಲ," ಎನ್ನುತ್ತಾರೆ. ಅವರು ಕೊಟ್ಟ ಉತ್ತರ, "ಮೂರು ಹನಿ." ಅವರ ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಅಂಬಾದಾಸ ಮಾತ್ರ ಸಿಟ್ಟಿನಿಂದ, ಆ ಬುಧವಾರ ನೀವು ಮೂವರೂ ಎಲ್ಲಿದ್ದಿರಿ ಎಂದು ಮರಾಠಿಯಲ್ಲಿ ಕೇಳಿಬಿಟ್ಟರು.

ಎರಡು ವಾರಗಳ ನಂತರ ಪಾದ್ರಿಗಳಿಂದ ಬಂದ ಪತ್ರದಲ್ಲಿ "ತುರ್ತು ಸಂದರ್ಭದಲ್ಲಿ ನಡೆದ ಕ್ರಿಯೆ ಗಮನಕ್ಕೆ ಬಂದಿದೆ" ಎಂದಿತ್ತು. ಸರಿ ಎಂದಿರಲಿಲ್ಲ, ತಪ್ಪು ಎಂದಿರಲಿಲ್ಲ. ಹಾಲ್ ಉಳಿಯಿತು. ಕನ್ನಡ ಸಭೆಯ ರಿಜಿಸ್ಟರಿನಲ್ಲಿ ಅನುಷ್ಕಾ ಯಾನೆ ದಿಶಾ ಎಂದು ಬರೆಯಲಾಗಿದೆ, ಪೆನ್ಸಿಲಿನಲ್ಲಿ. ಆ ಪತ್ರವನ್ನು ಹರಿಣಾಕ್ಷಿ ಬೈಬಲ್ಲಿನೊಳಗೆ ಇಟ್ಟುಕೊಂಡು ನಾಲ್ಕಾರು ಸಲ ಓದಿದರು. ಸರದಿಯಿಂದ ಹೆಸರು ತೆಗೆಸುತ್ತೇನೆ ಎಂದು ಗಂಡನ ಹತ್ತಿರ ಹೇಳಿದರು. "ತೆಗೆಸು. ಆದ್ರೆ ನಾಳೆ ಫೋನ್ ಬಂದ್ರೆ ಎತ್ತುದಿಲ್ಲ ಅಂತ ನನ್ನ ಮುಖ ನೋಡಿ ಹೇಳು," ಎಂದರಂತೆ ದೇವದಾಸ್. ಹೆಸರು ಇನ್ನೂ ಲಿಸ್ಟಿನಲ್ಲಿದೆ. ಈಗಲೂ ವಾರಕ್ಕೆ ಆರೇಳು ಮನೆ, ಎರಡು ಆಸ್ಪತ್ರೆ. ಈ ವರ್ಷ ಇದುವರೆಗೆ ಒಂಬತ್ತು ಶವಸಂಸ್ಕಾರ.

ಒಂಬತ್ತು ಗಂಟೆಗೆ ಹಾಲ್ ತುಂಬುತ್ತದೆ. ಬಿಳಿ ಬಟ್ಟೆ ನೋಡಿ ಒಬ್ಬರು ಹುಬ್ಬೇರಿಸುತ್ತಾರೆ. ಚೈತನ್ಯಾ ಮಗಳನ್ನು ಕೆಳಗೆ ಬಿಡುತ್ತಾಳೆ. ಒಂದೂವರೆ ವರ್ಷದ ಹುಡುಗಿ ಕುರ್ಚಿಗಳ ನಡುವೆ ಓಡುತ್ತಾಳೆ. ಅನುಷ್ಕಾ ಎಂದು ಕರೆದರೂ ತಿರುಗುತ್ತಾಳೆ, ದಿಶಾ ಎಂದರೂ ತಿರುಗುತ್ತಾಳೆ.

ಆರಾಧನೆ ಮುಗಿದ ಮೇಲೆ, ಹಾಡಿನ ಹಾಳೆಗಳನ್ನು ಎತ್ತಿಡುತ್ತ ಹರಿಣಾಕ್ಷಿ ಇದ್ದಕ್ಕಿದ್ದಂತೆ ಮಾತು ತೆಗೆಯುತ್ತಾರೆ. "ಸಾನಪಾಡಾದಲ್ಲಿ ಹೇಳದ ಒಂದು ಮಾತುಂಟು. ಹತ್ತಿಯನ್ನು ನೀರಲ್ಲಿ ಅದ್ದಿ ಹಿಂಡಿದೆ. ತಂದೆ ಅಂದಾಗ ಒಂದು ಹನಿ ಬಿತ್ತು, ಮಗ ಅಂದಾಗ ಒಂದು. ಮೂರನೇದು ಮಗುವಿನ ಮೇಲೆ ಬೀಳ್ಲೇ ಇಲ್ಲ, ಬಟ್ಟೆ ಮೇಲೆ ಬಿತ್ತು. ಹತ್ತಿ ಒಣಗಿತ್ತು. ಕಡೆಗೆ ಬೆರಳಲ್ಲಿದ್ದ ಪಸೆಯನ್ನೇ ಹಣೆಗೆ ಒರೆಸಿದೆ. ಅದು ಎಷ್ಟಾಯ್ತು, ಎರಡೋ ಮೂರೋ? ನಂಗೆ ಗೊತ್ತಿಲ್ಲ."

ಇದನ್ನು ಲೇಖನದಲ್ಲಿ ಬರೆಯಬಹುದೇ ಎಂದು ಕೇಳಿದರೆ ಹುಡುಗಿಯ ಕಡೆ ನೋಡುತ್ತಾರೆ.

"ಬರೀರಿ. ಅವಳಿಗೆ ಕನ್ನಡ ಓದ್ಲಿಕ್ಕೆ ಬರ್ಲಿಕ್ಕಿಲ್ಲ, ಇಲ್ಲಿಯ ಮಕ್ಕಳಿಗೆ ಎಲ್ಲಿ ಬರ್ತದೆ. ದೊಡ್ಡವಳಾದ ಮೇಲೆ ನಾನೇ ಓದಿ ಹೇಳ್ತೇನೆ. ಅಲ್ಲಿವರೆಗೆ ನಾನಿರಬೇಕು, ಅಷ್ಟೇ."