ಚಂದ್ರಾಮ ಮಾರಿದ ಟೆಂಪೊ

ಮುಂಬಯಿ ಹತ್ತಿರದ ಕಲ್ಯಾಣದ ಶೀಳ್ ರಸ್ತೆಯ ಗ್ಯಾರೇಜುಗಳಲ್ಲಿ ಯಾವ ಬೋಲ್ಟು ಜಪ್ಪಯ್ಯ ಅಂದರೂ ಅಲುಗದಿದ್ದರೆ ಗುರುವಪ್ಪನನ್ನು ಕರೆಸುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ ವಿಜಯಪುರದ ಕಡೆಯಿಂದ ಬಂದವನು, ಅಂದಿನಿಂದ ಹೆಚ್ಚು ಹೊತ್ತು ಗಾಡಿಗಳ ಅಡಿಯಲ್ಲಿ ಅಂಗಾತ ಮಲಗಿಯೇ ಕಳೆದಿದ್ದ. ತುಕ್ಕು ಹಿಡಿದ ನಟ್ಟಿನ ಮೇಲೆ ಎಂದೂ ಜೋರು ಮಾಡುತ್ತಿರಲಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ಆಯಿಲ್ ಬಿಟ್ಟು, ಚಹಾ ಕುಡಿದು ಬಂದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಪಾನಾವನ್ನು, ಅಂದರೆ ಸ್ಪ್ಯಾನರನ್ನು, ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಸಡಿಲಿಸುವುದು ಆಮೇಲೆ. ಹಳೆಯ ಗಾಡಿ ಕೊಳ್ಳುವವರೂ ಅವನನ್ನೇ ಕರೆದೊಯ್ಯುತ್ತಿದ್ದರು. ಅವನು ಕೆಳಗೆ ನುಸುಳಿ ಬಂದು ತಲೆಯಾಡಿಸಿದರೆ ಮಾತ್ರ ವ್ಯಾಪಾರ.

೨೦೦೬ರಲ್ಲಿ, ವಾಶಿ ಮಾರ್ಕೆಟ್ಟಿನಿಂದ ತರಕಾರಿ ಸಾಗಿಸಲೆಂದು ಅವನೇ ಒಂದು ಟೆಂಪೊ ಕೊಂಡ. ಮಾರಿದವನು ಚಂದ್ರಾಮ. ಗುರುವಪ್ಪನದೇ ಊರಿನವನು, ಉಲ್ಲಾಸನಗರದ ಬಾಡಿಗೆ ಖೋಲಿಯಲ್ಲಿ ಒಂಬತ್ತು ವರ್ಷ ಜೊತೆಗೆ ಉಂಡು ಮಲಗಿದವನು, ಗುರುವಪ್ಪನ ಹೆಂಡತಿ ಮರಗಮ್ಮನ ಹೆರಿಗೆ ಕಷ್ಟವಾದಾಗ ರಕ್ತ ಕೊಟ್ಟವನು.

“ಒಮ್ಮೆ ಕೆಳಗ ನೋಡ್ರಲ್ಲ,” ಎಂದಳು ಮರಗಮ್ಮ.

“ಚಂದ್ರಾಮನ ಗಾಡಿ ನಾ ನೋಡೂದಾ? ಅವಗ ಏನ ಅನಸ್ತದ?”

ಮೂರನೆಯ ವಾರ ಹಿಂದಿನ ಚಕ್ರದ ಕಡೆ ಕಟಕಟ ಸದ್ದು ಶುರುವಾಯಿತು. ಗುರುವಪ್ಪ ಗೋಣಿ ಹಾಸಿ ಕೆಳಗೆ ನುಸುಳಿದ. ತಳದ ಚಾಸಿಗೆ ಬಳಿದ ಹೊಸ ಕಪ್ಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಉಗುರಿನಿಂದ ಕೆರೆದರೆ ತುಕ್ಕು ಹಪ್ಪಳದಂತೆ ಎದ್ದು ಬಂತು. ಸ್ಪ್ರಿಂಗಿನ ಕಮಾನು ಪಟ್ಟಿಯ ಬೋಲ್ಟಿಗೆ ಪಾನಾ ಕೊಟ್ಟ. ಅದು ತುಂಡಾಗಿ ಅಂಗೈಗೆ ಬಿತ್ತು. ಥ್ರೆಡ್ಡಿನ ಸಂದುಸಂದಿನಲ್ಲೂ ನುಣ್ಣನೆಯ ಒಣ ಕೆಸರು. ಹೋದ ವರ್ಷ ಜುಲೈ ಮಳೆಯಲ್ಲಿ ಮುಳುಗಿದ್ದ ಗಾಡಿಗಳನ್ನು ಅವನು ಎಷ್ಟೋ ಬಿಚ್ಚಿದ್ದ. ಆ ಕೆಸರಿನ ಗುರುತು ಅವನಿಗೆ ಚೆನ್ನಾಗಿತ್ತು. “ಆ ಮಳಿಯಾಗ ಗಾಡಿ ನಮ್ಮೂರಾಗ ಇತ್ತು ಅಣ್ಣಾ,” ಎಂದು ಮಾರುವಾಗ ಚಂದ್ರಾಮ ತಾನಾಗಿಯೇ ಹೇಳಿದ್ದ.

ಬಹಳ ಹೊತ್ತು ಗುರುವಪ್ಪ ಹೊರಗೆ ಬರಲಿಲ್ಲ.

ಮರುದಿನ ಚಂದ್ರಾಮನ ಮನೆಯಿದ್ದ ಟಿಟ್ವಾಳಾಕ್ಕೆ ಹೋಗಿ, ಅವನ ಮುಂದೆ ತುಂಡು ಬೋಲ್ಟು ಇಟ್ಟ.

“ಎಷ್ಟು ದಿನ ನೀರಾಗ ಇತ್ತು?”

“ಮೂರು ದಿನ. ಬದಲಾಪುರದಾಗ.” ಚಂದ್ರಾಮ ತಲೆ ತಗ್ಗಿಸಲಿಲ್ಲ. “ನೀ ಮಲಗಿ ನೋಡ್ತಿ, ಬ್ಯಾಡ ಅಂತಿ ಅಂತ ತಿಳದಿದ್ದೆ ಅಣ್ಣಾ. ನೀನ ನೋಡಲಿಲ್ಲ. ನಂದೇನ ತಪ್ಪದ?”

“ಮತ್ತ ಬಣ್ಣ ಯಾಕ ಹಚ್ಚಿದಿ?”

ಚಂದ್ರಾಮ ಚಹಾದ ಲೋಟವನ್ನು ಅವನ ಕಡೆ ಸರಿಸಿದ.

ಗಾಡಿ ತಿರುಗಿ ತಗೋ ಎನ್ನುವ ಮಾತು ಗುರುವಪ್ಪನ ಬಾಯಿಗೆ ಬಂದಿತ್ತು. ತಗೊಂಡರೆ ಇವನು ಅದನ್ನು ಇನ್ನೊಬ್ಬರ ಕೊರಳಿಗೆ ಕಟ್ಟುತ್ತಾನೆ ಅನಿಸಿ, ಚಹಾ ಮುಟ್ಟದೆ ಎದ್ದು ಬಂದ.

ಹನ್ನೊಂದು ದಿನ ಆ ಟೆಂಪೊದ ಅಡಿಯಲ್ಲೇ ಕಳೆದ. ಕೆಲವು ಬೋಲ್ಟುಗಳಿಗೆ ಗ್ಯಾಸಿನ ಉರಿ ಕೊಟ್ಟ. ಮುರಿದವನ್ನು ಕೊರೆದು ತೆಗೆದು ಹೊಸದಾಗಿ ಥ್ರೆಡ್ ಹಾಕಿದ. ಮೊದಮೊದಲು ಬೈಯುತ್ತಾ ಬಿಚ್ಚುತ್ತಿದ್ದವನು, ಕೊನೆಕೊನೆಗೆ ಸುಮ್ಮನಾಗಿಬಿಟ್ಟ. ಟೆಂಪೊ ಎಂಟು ವರ್ಷ ಓಡಿತು.

೨೦೧೨ರಲ್ಲಿ ಚಂದ್ರಾಮ ಮಗಳ ಮದುವೆಯ ಪತ್ರಿಕೆ ಹಿಡಿದು ಬಾಗಿಲಿಗೆ ಬಂದ. ಕೂದಲು ನೆರೆತಿತ್ತು. “ಅಣ್ಣಾ, ನೀ ಬರಬೇಕು,” ಎಂದ. ಗುರುವಪ್ಪ ಎರಡೂ ಕೈಯಲ್ಲಿ ಪತ್ರಿಕೆ ತೆಗೆದುಕೊಂಡ, ಕುರ್ಚಿ ಕೊಟ್ಟ, ಊರಿನ ಮಳೆಬೆಳೆಯ ಮಾತಾಡಿದ.

ಮದುವೆಗೆ ಮರಗಮ್ಮ ಒಬ್ಬಳೇ ಹೋಗಿ ಅಕ್ಷತೆ ಹಾಕಿ ಬಂದಳು. ಅಂದು ಗುರುವಪ್ಪ ಗ್ಯಾರೇಜಿಗೂ ಹೋಗಲಿಲ್ಲ.